ಪೆಟ್ಟಿಗೆ ಮುಟ್ಟದೆ ಕೂರುವ ಕೆಲಸ

ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಈ ಮಾತನ್ನು ಪ್ರೀತಿಯಿಂದ ಹೇಳುತ್ತಿದ್ದಳು. ಈಗ ಹೇಳುವ ಧಾಟಿ ಬೇರೆ. ಅಂಥ ನನಗೆ ಮೂರು ವರ್ಷ, ತಿಂಗಳಿಗೊಮ್ಮೆ, ಸುಮ್ಮನೆ ಕೂರುವುದಕ್ಕೇ ಕರೆದು ಸಂಬಳ ಕೊಟ್ಟರು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆದದ್ದು ಆದ ಹಾಗೆ ಹೇಳುತ್ತೇನೆ.

ನಾನು ಹಾರ್ಮೋನಿಯಂ ಮೇಷ್ಟ್ರು. ಕನಕಪುರ, ಮರಳವಾಡಿ, ಸಾತನೂರಿನ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ನನ್ನ ಕಸುಬು. ಆಡುವವರೆಲ್ಲ ರೈತರು. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕುಯ್ದು, ಹಾಲು ಕರೆದು ಡೈರಿಗೆ ಹಾಕಿ, ಸಂಜೆ ಕೈಕಾಲು ತೊಳೆದು ಬಂದು ರಾಜರಾಗುವವರು. ಅವರಿಗೆ ಎರಡು ಮೂರು ತಿಂಗಳು ಮಾತು, ಪದ್ಯ ಬಾಯಿಪಾಠ ಮಾಡಿಸಿ ರಂಗದ ಮೇಲೆ ಬಿಡಬೇಕು. ಬಿಟ್ಟ ಮೇಲೆ ಅವರು ಮರೆಯುತ್ತಾರೆ. ಎಷ್ಟು ಕಲಿಸಿದರೂ ಮರೆತೇ ಮರೆಯುತ್ತಾರೆ. ಮೈತುಂಬ ಬೇಗಡೆ, ತಲೆಯ ಮೇಲೆ ಎರಡು ಸೇರಿನ ಕಿರೀಟ, ಎದುರಿಗೆ ಬೀಗರು ಕೂತಿದ್ದಾರೆ. ಯಾರಿಗೆ ತಾನೆ ನೆನಪಿದ್ದೀತು?

ಆಗ ಮೇಷ್ಟ್ರು ಮಾಡಬೇಕಾದ ಕೆಲಸ ಎರಡು. ಒಂದು, ರಂಗದ ಮೇಲೆ ಸದ್ದು ನಿಂತ ಕ್ಷಣವೇ ಪೆಟ್ಟಿಗೆಯ ತಿದಿ ಒತ್ತಿ ಸ್ವರ ಕೊಡಬೇಕು, ಮುಂದಿನ ಪದ್ಯದ ಎತ್ತುಗಡೆಯನ್ನು ಮೆಲ್ಲಗೆ ನುಡಿಸಬೇಕು. ಮರೆತವನಿಗೆ ಅದೇ ಹಗ್ಗ. ಎರಡು, ಮರೆತವನು ಯಾರು ಎಂದು ಆಮೇಲೆ ಬಾಯಿ ಬಿಡಬಾರದು. ಯಾರಾದರೂ ಕೇಳಿದರೆ ತಪ್ಪು ನಂದೇ, ಕೈ ಜಾರಿತು ಅನ್ನಬೇಕು. ಮರೆತವನು ತಾನೇ ಹೇಳಿಕೊಂಡು ತಿರುಗಿದರೆ ಮಾತ್ರ ನಾವೂ ಹೇಳಬಹುದು.

ಹಾಗೆ ಹೇಳಿಕೊಂಡು ತಿರುಗಿದವನು ನನ್ನ ಗೆಳೆಯ, ನಮ್ಮೂರ ರಾಜಾಪಾರ್ಟು. ಒಮ್ಮೆ ಆಸ್ಥಾನದ ಸೀನಿನಲ್ಲಿ ಸಿಂಹಾಸನದ ಮೇಲೆ ಕೂತು ಅಬ್ಬರಿಸುತ್ತಿದ್ದವನು ತಟ್ಟನೆ ಮಾತು ನಿಲ್ಲಿಸಿದ. ಕಿವಿ ನಿಮಿರಿಸಿದ. ದೂರದ ತೋಟದಲ್ಲಿ ಪಂಪಿನ ಸದ್ದು, ತ್ರೀಫೇಸ್ ಕರೆಂಟು ಬಂದಿತ್ತು. ಸಿಂಹಾಸನದಿಂದ ಇಳಿದು, ಕಿರೀಟದ ಸಮೇತ, ಸೊಪ್ಪಿನ ತೋಟಕ್ಕೆ ನೀರು ಬಿಡಲು ಹೊರಟೇಹೋದ. ಅವನು ಮೋಟಾರು ಹಾಕಿ ಬರುವ ತನಕ ನಾನು ಒಬ್ಬನೇ ಇಡೀ ಆಸ್ಥಾನವನ್ನು ಪೆಟ್ಟಿಗೆಯಲ್ಲಿ ಎತ್ತಿ ಹಿಡಿದೆ. ವಾಪಸು ಬಂದವನ ಪಾದುಕೆಗೆ ಕೆಸರು ಮೆತ್ತಿತ್ತು. ಜನ ಒನ್ಸ್ ಮೋರ್ ಅಂದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ನಾಟಕಕ್ಕೆ ಕೇಡುಗಾಲ ಬಂತು. ಬಿಡದಿ ಕಡೆ ಕಾರ್ಖಾನೆಗಳು ಎದ್ದವು, ಹಾರೋಹಳ್ಳಿ ಕಡೆಯೂ ಶೆಡ್ಡುಗಳು ಬಂದವು, ನಮ್ಮ ಪಾತ್ರಧಾರಿಗಳೆಲ್ಲ ಬೂಟು ಹಾಕಿಕೊಂಡು ಬಸ್ಸು ಹತ್ತಿದರು. ಮಂತ್ರಿ ಫಸ್ಟ್ ಶಿಫ್ಟು, ಋಷಿ ಸೆಕೆಂಡ್ ಶಿಫ್ಟು, ರಾಣಿ ಪಾರ್ಟಿನವನು ನೈಟ್ ಶಿಫ್ಟು. ಮೂವರೂ ಒಂದೇ ಸೀನಿನಲ್ಲಿ ಸೇರಬೇಕಾದರೆ ಆಯುಧಪೂಜೆಯ ರಜಾ ಬರಬೇಕು. ನನ್ನ ಪೆಟ್ಟಿಗೆಯೊಳಗೆ ಜೇಡ ಮನೆ ಮಾಡಿತು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಹೆಂಡತಿಯ ಮೇಲೆ ತೀರಿಸಿಕೊಳ್ಳಲು ಹೋಗಿ ಎರಡು ದಿನ ತಣ್ಣನೆಯ ಮುದ್ದೆ ತಿಂದೆ.

ಆಗ ನಮ್ಮ ಸೀಮೆಗೆ ರೆಸಾರ್ಟುಗಳೂ ಬಂದಿದ್ದವು. ಮರಳವಾಡಿ ಕಡೆಯ ಒಂದು ಬಂಡೆಯ ಬುಡದಲ್ಲಿ ಒಂದು ಎದ್ದಿತ್ತು. ಹೆಂಚಿನ ಮನೆಗಳ ಹಾಗೆ ಕಾಣುವ ಕಾಟೇಜುಗಳು, ಒಳಗೆ ಹೋದರೆ ಏಸಿ. ಬೆಂಗಳೂರಿನವರು ಶುಕ್ರವಾರ ಸಂಜೆ ಕಾರಿನಲ್ಲಿ ಬಂದು ನಮ್ಮ ಗಾಳಿ ಕುಡಿದು ಭಾನುವಾರ ಹೋಗುತ್ತಿದ್ದರು. ಊಟಕ್ಕೆ ನಿಂಬೆಹಣ್ಣಿನ ಗಾತ್ರದ ರಾಗಿಮುದ್ದೆ, ಅದಕ್ಕೊಂದು ಚಮಚ. ಅದನ್ನು ಅವರು ಅಗಿದು ಅಗಿದು ತಿನ್ನುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ನುಂಗ್ರಪ್ಪಾ ಅಂತ ಒಬ್ಬರಿಗೆ ಹೇಳಿಯೂ ಬಿಟ್ಟೆ. ಮ್ಯಾನೇಜರು ಒಳಗೆ ಕರೆದು ಬುದ್ಧಿ ಹೇಳಿದರು.

ನಾನು ಅಲ್ಲಿಗೆ ಹೋದದ್ದು ಆ ರಾಜಾಪಾರ್ಟಿನ ದೆಸೆಯಿಂದಲೇ. ಅವನು ಅದರ ಗೇಟಿನಲ್ಲಿ ಸೆಕ್ಯೂರಿಟಿ ಆಗಿದ್ದ. ಯೂನಿಫಾರ್ಮು, ಟೋಪಿ, ವಿಷಲ್ಲು. ಕಾರು ಬಂದರೆ ಸಲ್ಯೂಟು ಹೊಡೆಯಬೇಕು. ಆದರೆ ಇಪ್ಪತ್ತು ವರ್ಷದ ಅಭ್ಯಾಸ, ಕೈ ಹಣೆಗೆ ಹೋಗುತ್ತಿರಲಿಲ್ಲ, ಪ್ರಜೆಗಳನ್ನು ಹರಸುವ ಹಾಗೆ ಮೇಲಕ್ಕೆ ಹೋಗುತ್ತಿತ್ತು. ಬಂದವರಿಗೆ ಅದೇ ಇಷ್ಟವಾಗಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಮ್ಯಾನೇಜರಿಗೆ ಲೋಕಲ್ ಟಚ್ ಎಂದರೆ ಪ್ರಾಣ. ಹಾರ್ಮೋನಿಯಂ ನುಡಿಸುವವರು ಯಾರಾದರೂ ಇದ್ದಾರಾ ಎಂದು ಕೇಳಿದ್ದೇ ತಡ, ಇವನು ನನ್ನ ಹೆಸರು ಹೇಳಿದ.

ನನಗೆ ಬಿಳಿ ಜುಬ್ಬ ಕೊಟ್ಟರು. ಕಟ್ಟಿ ಸಿದ್ಧವಾಗಿದ್ದ ಒಂದು ಮೈಸೂರು ಪೇಟವನ್ನೂ ಕೊಟ್ಟರು. ಯಾರ ತಲೆಯ ಅಳತೆಗೆ ಮಾಡಿಸಿದ್ದರೋ ಕಾಣೆ, ನಾನು ಸ್ವಲ್ಪ ಬಗ್ಗಿದರೂ ಅದು ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಸಂಜೆ ಪೋರ್ಟಿಕೋದಲ್ಲಿ ಕೂತು ಬರುವವರಿಗೆ ಎರಡು ದೇವರನಾಮ ನುಡಿಸುವುದು ಕೆಲಸ. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಪರ್ಮನೆಂಟು ಎಂದಿದ್ದರು. ನಾನು ಹೆಂಡತಿಗೆ ಪರ್ಮನೆಂಟು ಆಗಿಯೇಬಿಟ್ಟಿತು ಎಂದು ಹೇಳಿದ್ದೆ.

ಎರಡನೆಯ ತಿಂಗಳಲ್ಲಿ ಮ್ಯಾನೇಜರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಚೇಂಬರ್ ಮ್ಯೂಸಿಕ್ ವೀಕೆಂಡ್ ಅಂತೆ. ಅಂದರೆ ದೊಡ್ಡ ಸಭೆಯಲ್ಲ, ಮೈಕಿಲ್ಲ, ಒಂದು ಕೋಣೆಯಲ್ಲಿ ನಾಲ್ಕು ಜನ ನುಡಿಸುವುದು, ಮೂವತ್ತು ಜನ ಉಸಿರು ಬಿಗಿಹಿಡಿದು ಕೇಳುವುದು. ಶನಿವಾರ ರಿಹರ್ಸಲ್ಲು, ಭಾನುವಾರ ಸಂಜೆ ಕಛೇರಿ, ನಡುನಡುವೆ ತಟ್ಟೆ ಇಡ್ಲಿ. ಬೆಂಗಳೂರಿನ ನಾಲ್ವರ ಒಂದು ತಂಡ ಬಂತು. ಇಂಗ್ಲಿಷ್ ಸಂಗೀತ. ಇಬ್ಬರು ಪಿಟೀಲು, ಒಬ್ಬರು ಅದಕ್ಕಿಂತ ಒಸಿ ದೊಡ್ಡ ಪಿಟೀಲು, ಒಬ್ಬರು ಆಳೆತ್ತರದ ಪಿಟೀಲು. ಆ ಆಳೆತ್ತರದ್ದಕ್ಕೆ ಚೆಲ್ಲೊ ಎನ್ನುತ್ತಾರೆ, ಅದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ಚೆಲ್ಲೊದವರು ಎಪ್ಪತ್ತು ದಾಟಿದ ಡಾಕ್ಟರು, ಕ್ಲಿನಿಕ್ಕು ಮುಚ್ಚಿ ಮನೆಯಲ್ಲಿದ್ದವರು. ಮೊದಲ ಪಿಟೀಲಿನವರು ಹೆಂಗಸು, ತಂಡದಲ್ಲಿ ಹೆಂಗಸೆಂದರೆ ಅವರೊಬ್ಬರೇ, ಯಜಮಾನಿಕೆಯೂ ಅವರದೇ. ನೆಟ್ಟಗೆ ಕೂರುತ್ತಿದ್ದರು, ನೆಟ್ಟಗೆ ನೋಡುತ್ತಿದ್ದರು, ಯಾರಾದರೂ ಕೆಮ್ಮಿದರೆ ಕೆಮ್ಮು ನಿಲ್ಲುವ ಹಾಗೆ ನೋಡುತ್ತಿದ್ದರು. ಉಳಿದ ಇಬ್ಬರು ಆಕೆ ಹೇಳಿದ್ದಕ್ಕೆ ತಲೆಯಾಡಿಸುವವರು.

ಲೋಕಲ್ ಟಚ್ಚಿಗೆ ನಾನು. ಮೊದಲು ಒಂದು ಪ್ರಾರ್ಥನೆ ನುಡಿಸಬೇಕು, ಆಮೇಲೆ ತಲೆಗೆ ಪೇಟ ಇಟ್ಟುಕೊಂಡು ಪಕ್ಕದಲ್ಲೇ ಶೋಭೆಗೆ ಕೂರಬೇಕು.

ಶನಿವಾರ ಹನ್ನೊಂದು ಗಂಟೆಗೆ ರಿಹರ್ಸಲ್ಲು ಶುರುವಾಯಿತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಏನೂ ತಿಳಿಯಲಿಲ್ಲ. ಆದರೆ ಕಿವಿ ಹಳೆಯದು, ಸ್ವಲ್ಪ ಹೊತ್ತಿಗೆ ದಾರಿ ಹಿಡಿಯಿತು. ಇವನು ಒಂದು ಮಾತು ಎತ್ತುತ್ತಾನೆ, ಅವನು ಎದುರು ಹೇಳುತ್ತಾನೆ, ನಾಲ್ವರೂ ಒಂದೇ ಸಲ ಮೇಲೆ ಬೀಳುತ್ತಾರೆ. ಥೇಟು ನಮ್ಮ ಆಸ್ಥಾನದ ಸೀನೇ. ನಾನು ತೊಡೆ ತಟ್ಟತೊಡಗಿದೆ. ಜಗಳ ಏರಿತು, ಏರಿತು, ಕತ್ತಿ ಹಿರಿಯಬೇಕು ಅನ್ನುವಷ್ಟರಲ್ಲಿ ತಟ್ಟನೆ ನಿಂತುಹೋಯಿತು. ನಾಲ್ಕು ಕಮಾನುಗಳೂ ಗಾಳಿಯಲ್ಲಿ. ಯಾರೂ ಅಲ್ಲಾಡುವುದಿಲ್ಲ.

ಅಯ್ಯೋ, ನಾಲ್ವರೂ ಒಟ್ಟಿಗೇ ಮರೆತರಲ್ಲಪ್ಪ. ಮೂವತ್ತು ವರ್ಷದ ಕಸುಬಿನಲ್ಲಿ ಒಬ್ಬರು ಮರೆತದ್ದು ಕಂಡಿದ್ದೆ, ಇಬ್ಬರು ಮರೆತದ್ದು ಕಂಡಿದ್ದೆ, ಇಡೀ ಆಸ್ಥಾನ ಮರೆತದ್ದು ಕಂಡಿರಲಿಲ್ಲ. ಯೋಚನೆ ಮಾಡುವುದಕ್ಕೆ ಮುಂಚೆಯೇ ಎಡಗೈ ತಿದಿಗೆ ಹೋಗಿತ್ತು, ಬಲಗೈ ಸ್ವರದ ಮನೆಗಳ ಮೇಲೆ. ನಮ್ಮೂರ ಬಯಲಿನ ಕೊನೆಯ ಸಾಲಿಗೆ ಕೇಳುವ ಹಾಗೆ ಸ್ವರ ಕೊಟ್ಟೆ. ಸಾಲದ್ದಕ್ಕೆ ಬಾಯಿಯಿಂದಲೂ ಒಂದು ಉದ್ದನೆಯ ಆಲಾಪ ಎತ್ತಿದೆ. ಪೇಟ ಕಣ್ಣಿನ ಮೇಲೆ ಬಂತು.

ಪೇಟ ಸರಿಸಿ ನೋಡುತ್ತೇನೆ, ಮೊದಲ ಪಿಟೀಲಿನಾಕೆ ಕಮಾನನ್ನು ಕೋಲಿನ ಹಾಗೆ ಹಿಡಿದು ನನ್ನ ಮುಂದೆ ನಿಂತಿದ್ದಾರೆ. ರಿಹರ್ಸಲ್ಲು ಕೇಳಲು ಕೂತಿದ್ದ ಅತಿಥಿಗಳೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದಾರೆ. ಡಾಕ್ಟರು ಮಾತ್ರ ಕರವಸ್ತ್ರ ಗಿರವಸ್ತ್ರ ಇಲ್ಲದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅದು ಮರೆತದ್ದಲ್ಲವಂತೆ. ಬರೆದದ್ದಂತೆ. ಇನ್ನೂರು ವರ್ಷದ ಹಿಂದೆ ಈ ಸಂಗೀತ ಕಟ್ಟಿದವನೇ ಇಲ್ಲಿ ಎಲ್ಲರೂ ಸುಮ್ಮನಿರಿ ಎಂದು ಬರೆದಿಟ್ಟಿದ್ದಾನಂತೆ. ನನಗೆ ನಂಬಿಕೆ ಬರಲಿಲ್ಲ, ತೋರಿಸಿ ಅಂದೆ. ಆಕೆ ಕಾಗದ ತಂದು ಮೂಗಿನ ಹತ್ತಿರ ಹಿಡಿದರು. ಒಂದು ಚುಕ್ಕೆ, ಅದರ ಮೇಲೆ ಕೊಡೆ ಹಿಡಿದ ಹಾಗೆ ಒಂದು ಗೆರೆ. ಅದು ಬಂದಲ್ಲಿ ಎರಡು ಉಸಿರು ಬಿಡುವಷ್ಟು ಹೊತ್ತು ಪೂರ್ತಿ ಮೌನ, ಆಮೇಲೆ ಚೆಲ್ಲೊ ಮಾತ್ರ ಕೆಳಗಿನ ಸ್ವರದಿಂದ ಶುರುಮಾಡಬೇಕು. ಇಡೀ ಭಾಗ ಎರಡು ಸಲ ಬರುವುದರಿಂದ ಕೊಡೆಯೂ ಎರಡು ಸಲ ಬರುತ್ತದೆ. ಇಷ್ಟನ್ನು ಆಕೆ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿ, ನಾಳೆ ಪ್ರಾರ್ಥನೆ ಆದ ಮೇಲೆ ಪೆಟ್ಟಿಗೆ ಮುಟ್ಟಬೇಡಿ ಅಂದರು. ಮ್ಯಾನೇಜರು ಅದಕ್ಕೆ ಇನ್ನೊಂದು ಸೇರಿಸಿದರು: ಮುಟ್ಟಿದರೆ ಸೋಮವಾರದಿಂದ ಬರಬೇಡಿ.

ಮೈ ಉರಿದುಹೋಯಿತು. ಗೇಟಿಗೆ ಹೋಗಿ ರಾಜಾಪಾರ್ಟಿನ ಮುಂದೆ ಕಾರಿಕೊಂಡೆ. ಸುಮ್ಮನಿರುವುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕೇನ್ಲಾ ಅಂದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಮ್ ಕಡೆ ಅಷ್ಟೊತ್ತು ಸುಮ್ಕಿದ್ರೆ ಕಲ್ ಬೀಳ್ತವೆ ಮೇಷ್ಟ್ರೇ" ಅಂದ.

ಊಟದ ಹೊತ್ತು ಕಳೆದ ಮೇಲೆ ಡಾಕ್ಟರು ತಮ್ಮ ಕಾಟೇಜಿನ ಮುಂದೆ, ಹೊಂಗೆ ಮರದಡಿ ಕೂತು ಒಬ್ಬರೇ ನುಡಿಸುತ್ತಿದ್ದರು. ಕೊಡೆ ಆದ ಮೇಲೆ ಬರುವ ಆ ಕೆಳಗಿನ ಎತ್ತುಗಡೆಯನ್ನೇ ಮತ್ತೆ ಮತ್ತೆ. ಕೆಳಗಿನ ಪಂಚಮ, ನಿಷಾದ, ಷಡ್ಜ, ಮೂರೇ ಸ್ವರ. ನನ್ನ ಕಿವಿಗೆ ಆಗಲೇ ಕೂತುಬಿಟ್ಟಿತ್ತು. ನನ್ನನ್ನು ಕಂಡು ಕರೆದು ಕುರ್ಚಿ ಕೊಟ್ಟು, ಬೆಳಿಗ್ಗೆ ನಕ್ಕದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಂದರು. ನಾನು ಮಾಡಿಕೊಂಡಿದ್ದೆ, ಇಲ್ಲ ಅಂದೆ.

ನಿಮ್ಮ ನಾಟಕದಲ್ಲಿ ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಹಗ್ಗದ ವಿಷಯ ಹೇಳಿದೆ, ಬಾಯಿ ಬಿಡಬಾರದ ವಿಷಯ ಹೇಳಿದೆ, ತ್ರೀಫೇಸ್ ಕತೆ ಹೇಳಿದೆ. ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೂತರು. ನಾನೂ ಈಚೆಗೆ ನುಡಿಸುತ್ತಾ ದಾರಿ ತಪ್ಪುತ್ತಿದ್ದೇನೆ ಅಂದರು. ಮೂರು ಸಲ ಆಗಿದೆ. ಉಳಿದ ಮೂವರು ಇಪ್ಪತ್ತೆರಡು ವರ್ಷ ಜೊತೆಗೆ ನುಡಿಸಿದವರು, ಬಾಯಿಬಿಟ್ಟು ತಂಡ ಬಿಡಿ ಅನ್ನಲಾರರು. ಆದರೂ ಅವರೊಳಗೆ ಮಾತಾಗಿದೆ. ನಾಳೆ ಸರಿಯಾಗಿ ದಾಟಿದರೆ ಸರಿ, ತಪ್ಪಿದರೆ ನನ್ನ ಕುರ್ಚಿಗೆ ಬೇರೆಯವರು ಬರುತ್ತಾರೆ. ಯಾರೆಂದೂ ಗೊತ್ತಿದೆ.

ಕಾಗದ ಎದುರಿಗೇ ಇರುತ್ತದಲ್ಲ ಸ್ವಾಮಿ, ಮರೆಯುವುದು ಹೇಗೆ ಅಂದೆ. ನನಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಕಾಗದದಲ್ಲಿ ಎಲ್ಲಾ ಇರುತ್ತೆ ಮೇಷ್ಟ್ರೇ. ನಾನೇ ಇರಲ್ಲ."

ಎಂಥ ಮಾತು ಅದು. ನೀರು ಕುಡೀತೀರಾ ಅಂದೆ. ಅವರು ಬೇಡ ಅಂದರು. ನಾನು ಎದ್ದು ಹೊರಟಾಗ ಹಿಂದಿನಿಂದ ಕೇಳಿದರು:

"ನಾಳೆ ನೀವು ಎಲ್ಲಿ ಕೂರ್ತೀರಿ?"

ಎಡಗಡೆ, ಕಂಬದ ಪಕ್ಕ ಅಂದೆ. ಅವರು ತಲೆಯಾಡಿಸಿ ಮತ್ತೆ ಕಮಾನು ಎತ್ತಿಕೊಂಡರು.

ಭಾನುವಾರ ಐದು ಗಂಟೆಗೆ ಕೋಣೆ ತುಂಬಿತು. ನಾನು ಪ್ರಾರ್ಥನೆ ನುಡಿಸಿ, ಪೆಟ್ಟಿಗೆಯ ಮುಚ್ಚಳ ಹಾಕಿ, ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಅವುಗಳ ಮೇಲೆ ಕೂತೆ. ಸಾಲದು ಎಂದು, ಗೇಟು ಬೇರೆಯವನಿಗೆ ಒಪ್ಪಿಸಿ ರಾಜಾಪಾರ್ಟನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ನನ್ನ ಕೈ ಈಚೆ ಬಂದರೆ ಹಿಡಿದುಕೋ ಅಂತ ಹೇಳಿದ್ದೆ. ಕೈ ಬರುವುದಕ್ಕೆ ಮುಂಚೆಯೇ ಅವನು ಹಿಡಿದುಕೊಂಡ. ಅಷ್ಟು ಜನ ದೊಡ್ಡ ಮನುಷ್ಯರ ಮುಂದೆ ಮೀಸೆ ಹೊತ್ತ ಸೆಕ್ಯೂರಿಟಿಯೊಬ್ಬ ಪೇಟ ತೊಟ್ಟ ಮೇಷ್ಟ್ರ ರಟ್ಟೆ ಹಿಡಿದು ಕೂತದ್ದನ್ನು ನೋಡಿ, ಮುಂದಿನ ಸಾಲಿನ ಒಬ್ಬರು ಇದೂ ಲೋಕಲ್ ಟಚ್ ಇರಬೇಕು ಅಂದುಕೊಂಡು ಫೋಟೋ ಹೊಡೆದರು.

ಸಂಗೀತ ಶುರುವಾಯಿತು. ಜಗಳ ಏರಿತು, ಏರಿತು. ಮೊದಲನೆಯ ಕೊಡೆ ಬಂತು. ನಾಲ್ಕು ಕಮಾನುಗಳು ಗಾಳಿಯಲ್ಲಿ. ನನಗೆ ಮೈಯೆಲ್ಲ ಇರುವೆ ಹರಿದ ಹಾಗೆ. ಕೈ ತೊಡೆಯಡಿ ಜೀವ ಬಂದ ಮೀನಿನ ಹಾಗೆ ಒದ್ದಾಡಿತು. ರಾಜಾಪಾರ್ಟು ಉಗುರು ಊರಿ ಹಿಡಿದ. ಒಂದು ಉಸಿರು. ಅದೇ ಹೊತ್ತಿಗೆ ಬಂಡೆಯ ಕಡೆಯಿಂದ ಒಂದು ನವಿಲು ಗಂಟಲು ಹರಿಯುವ ಹಾಗೆ ಕೂಗಿತು. ಮೊದಲ ಪಿಟೀಲಿನಾಕೆ ಕತ್ತು ತಿರುಗಿಸಿ ನೋಡಿದ್ದು ನನ್ನನ್ನು. ಮ್ಯಾನೇಜರು ನೋಡಿದ್ದೂ ನನ್ನನ್ನೇ. ನಾನಲ್ಲ ಎಂದು ತಲೆಯಾಡಿಸಿದೆ, ಪೇಟ ಮೂಗಿನ ಮೇಲೆ ಬಂತು. ಎರಡನೆಯ ಉಸಿರಿಗೆ ಡಾಕ್ಟರ ಚೆಲ್ಲೊ ಕೆಳಗಿನಿಂದ ಎದ್ದು ಬಂತು, ಪಂಚಮ, ನಿಷಾದ, ಷಡ್ಜ. ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ರಾಜಾಪಾರ್ಟು ನೋವಾಯಿತು ಅಂದುಕೊಂಡು ಹಿಡಿತ ಸಡಿಲಿಸಿದ.

ಭಾಗ ಮತ್ತೆ ಮೊದಲಿನಿಂದ ಬಂತು. ಮತ್ತೆ ಜಗಳ, ಮತ್ತೆ ಏರಿಕೆ, ಎರಡನೆಯ ಕೊಡೆ. ಮೌನ. ಈ ಸಲ ನವಿಲೂ ಇಲ್ಲ. ಒಂದು ಉಸಿರು. ಎರಡು ಉಸಿರು.

ಮೂರು.

ಬರೆದದ್ದು ಎರಡೇ ಉಸಿರು. ಮೂರನೆಯದು ಡಾಕ್ಟರದ್ದು.

ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗುವಂಥದ್ದೂ ಅಲ್ಲ. ನಾನು ಡಾಕ್ಟರ ಕಡೆ ನೋಡಿದೆ. ಕಮಾನು ಹಾಗೇ ಮೇಲಿತ್ತು. ಕಣ್ಣು ಕಾಗದದ ಮೇಲೆ ಓಡಾಡಿ ಓಡಾಡಿ, ಅಲ್ಲಿ ಏನೂ ಸಿಕ್ಕದೆ, ನಿಧಾನಕ್ಕೆ ಎಡಗಡೆಗೆ, ಕಂಬದ ಪಕ್ಕಕ್ಕೆ ಬಂತು. ಆ ನೋಟ ನನಗೆ ಗೊತ್ತು. ಎಷ್ಟು ಕಿರೀಟಗಳ ಕೆಳಗೆ ಕಂಡಿದ್ದೇನೆ ಅದನ್ನು. ಮೇಷ್ಟ್ರೇ ಎಂದು ಕರೆಯುವ ನೋಟ. ನಾಲ್ಕನೆಯ ಉಸಿರಿಗೆ ಸೋಮವಾರವೂ ನೆನಪಾಯಿತು, ಪರ್ಮನೆಂಟು ಎಂದು ಹೆಂಡತಿಗೆ ಹೇಳಿದ ಸುಳ್ಳೂ ನೆನಪಾಯಿತು. ಥೂ, ಹಾಳಾಗಿ ಹೋಗಲಿ ಎಂದು ಮುಚ್ಚಳ ತೆಗೆದೆ.

ಈ ಸಲ ಕೊನೆಯ ಸಾಲಿಗೆ ನುಡಿಸಲಿಲ್ಲ. ತಿದಿಯನ್ನು ಮಲಗಿದ ಮಗುವಿಗೆ ಗಾಳಿ ಹಾಕುವಷ್ಟು ಮೆಲ್ಲಗೆ ಒತ್ತಿ, ಪಂಚಮ, ನಿಷಾದ, ಅಷ್ಟೇ ನುಡಿಸಿದೆ. ಷಡ್ಜಕ್ಕೆ ಹೋಗಲಿಲ್ಲ. ಷಡ್ಜ ಅವರದು. ಡಾಕ್ಟರ ಕಮಾನು ಇಳಿಯಿತು, ಷಡ್ಜ ಹಿಡಿಯಿತು, ಮತ್ತೆ ಕೊನೆಯ ತನಕ ಒಂದು ಕಡೆಯೂ ಎಡವಲಿಲ್ಲ.

ಚಪ್ಪಾಳೆ ಬಿತ್ತು. ಆ ಹುಮ್ಮಸ್ಸಿನಲ್ಲಿ ರಾಜಾಪಾರ್ಟು ಎದ್ದುನಿಂತು ಕೈ ಮೇಲೆತ್ತಿ ಒನ್ಸ್ ಮೋರ್ ಅಂತ ಒಂದು ಕೂಗು ಹಾಕಿದ. ಬಂಡೆಯ ಕಡೆಯಿಂದ ನವಿಲು ಉತ್ತರ ಕೊಟ್ಟಿತು. ಇನ್ನೇನು ಬೇಕು.

ಜನ ಕಾಫಿಗೆ ಹೋದ ಮೇಲೆ ಮೊದಲ ಪಿಟೀಲಿನಾಕೆ ನನ್ನ ಮುಂದೆ ಬಂದು ನಿಂತರು. ಮುಖ ಕೆಂಪಗಿತ್ತು, ದನಿ ಮಾತ್ರ ಮೆತ್ತಗಿತ್ತು. ಯಾಕೆ ನುಡಿಸಿದಿರಿ ಎಂದು ಕೇಳಿದರು. ನಿನ್ನೆ ಅಷ್ಟು ಹೇಳಿದ ಮೇಲೂ ಯಾಕೆ. ಹಿಂದೆ ಉಳಿದ ಇಬ್ಬರು, ಅವರ ಹಿಂದೆ ಮ್ಯಾನೇಜರು, ಒಂದು ಮೂಲೆಯಲ್ಲಿ ಡಾಕ್ಟರು. ಡಾಕ್ಟರು ಕನ್ನಡಕ ಒರೆಸುತ್ತಿದ್ದರು. ಆಕೆಗೆ ಅನುಮಾನವಿತ್ತು, ಅದು ನನಗೆ ಕಂಡಿತು. ಬಾಯಿಬಿಟ್ಟು ಕೇಳದಿದ್ದರೂ ಕೇಳುತ್ತಿದ್ದದ್ದು ಒಂದೇ: ಡಾಕ್ಟರು ಮರೆತರೋ, ನೀನು ಅಡ್ಡಬಂದೆಯೋ.

"ತಪ್ಪು ನಂದೇ ಕಣಮ್ಮ" ಅಂದೆ. "ಹಳೇ ಅಭ್ಯಾಸ. ಕೈ ಹೋಗ್ಬುಡ್ತು."

ಆಮೇಲೆ ಬಿದ್ದ ಮಾತುಗಳನ್ನು ಬರೆಯುವುದಿಲ್ಲ. ಸೋಮವಾರದ ವಿಷಯವನ್ನು ಮ್ಯಾನೇಜರು ಇನ್ನೊಮ್ಮೆ ನೆನಪಿಸಿದರು. ನಾನು ಪೇಟ ತೆಗೆದು ಅವರ ಕೈಗಿಟ್ಟೆ. ಅದನ್ನು ಕಳಚಿದ್ದೊಂದೇ ಆ ದಿನದ ಲಾಭ. ಡಾಕ್ಟರು ಇನ್ನೂ ಕನ್ನಡಕ ಒರೆಸುತ್ತಲೇ ಇದ್ದರು. ನಿಜ ಹೇಳಲೇ? ನನಗೆ ಅವರ ಮೇಲೂ ಸಿಟ್ಟು ಬಂತು. ಬಾಯಿ ಬಿಡಬಾರದು ಅನ್ನುವುದು ನನ್ನ ಕಸುಬಿನ ಧರ್ಮ, ಅವರದ್ದಲ್ಲವಲ್ಲ. ಒಂದು ಮಾತು ಆಡಬಹುದಿತ್ತು.

ಪೆಟ್ಟಿಗೆಯನ್ನು ರಾಜಾಪಾರ್ಟಿನ ಮೊಪೆಡ್ಡಿನ ಮೇಲಿಟ್ಟು, ನಾನು ಹಿಂದೆ ಕೂತು ಅದನ್ನು ತಬ್ಬಿಕೊಂಡು ಊರಿಗೆ ಬಂದೆ. ಅವನು ದಾರಿಯುದ್ದಕ್ಕೂ ಕೆದಕಿದ. ಯಾರ್ ಮೇಷ್ಟ್ರೇ ಮರ್ತಿದ್ದು, ಡಾಕ್ಟರೇ ಅಲ್ವಾ, ನಂಗೊಬ್ಬನಿಗೆ ಹೇಳಿ. ಸುಮ್ನೆ ರೋಡ್ ನೋಡ್ಕೊಂಡು ಓಡ್ಸ್ಲಾ ಅಂದೆ. ಅವನಿಗೆ ಬೇಜಾರಾಗಿ ಮೂರು ದಿನ ಮಾತು ಬಿಟ್ಟ.

ಹೆಂಡತಿಗೆ ಕೆಲಸ ಹೋಯಿತು ಎಂದು ಹೇಳಿದಾಗ ಅವಳು ಪರ್ಮನೆಂಟು ಕೆಲಸ ಹೇಗೆ ಹೋಗುತ್ತದೆ ಎಂದು ಕೇಳಿದಳು. ಮತ್ತೆ ತಣ್ಣನೆಯ ಮುದ್ದೆ.

ಗುರುವಾರ ಬೆಳಿಗ್ಗೆ ನಾನು ರೇಷ್ಮೆಹುಳದ ಮನೆಯಲ್ಲಿ ಸೊಪ್ಪು ಹಾಸುತ್ತಿದ್ದೆ. ಅಂಗಳದಲ್ಲಿ ಕಾರು ನಿಂತಿತು. ಮೊದಲು ಡಾಕ್ಟರು ಇಳಿದರು. ಆಚೆ ಬಾಗಿಲಿನಿಂದ ಇಳಿದವರನ್ನು ಕಂಡು ನಾನು ಹುಳದ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದುಕೊಂಡೆ. ಮೊದಲ ಪಿಟೀಲಿನಾಕೆ. ನಮ್ಮ ಅಂಗಳದ ಸಗಣಿ ದಾಟಿಕೊಂಡು ನೆಟ್ಟಗೆ ಬಂದರು.

ಡಾಕ್ಟರು ಜಗುಲಿಯ ಮೇಲೆ ಕೂತು, ಅವತ್ತು ನಾನು ಹೇಡಿಯಾದೆ ಅಂದರು. ನಾಲಿಗೆ ಏಳಲಿಲ್ಲವಂತೆ. ಕಾರಿನಲ್ಲಿ ಹಾರೋಹಳ್ಳಿ ದಾಟುವ ತನಕ ತಡೆದುಕೊಂಡಿದ್ದು, ಆಮೇಲೆ ಆಗದೆ ಮೂವರಿಗೂ ಹೇಳಿಬಿಟ್ಟರಂತೆ: ಮರೆತದ್ದು ನಾನು, ಹಿಡಿದವರು ಮೇಷ್ಟ್ರು, ಕುರ್ಚಿ ಬಿಡುತ್ತೇನೆ. ಈ ಸಲ ಕನ್ನಡಕ ಒರೆಸಲಿಲ್ಲ, ನನ್ನನ್ನೇ ನೋಡಿ ಹೇಳಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೆಂಡತಿ ಕಾಫಿ ತಂದಳು.

ಪಿಟೀಲಿನಾಕೆ ಲೋಟ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ. ಆಮೇಲೆ ಲೋಟಕ್ಕೇ ಹೇಳುವ ಹಾಗೆ ಹೇಳಿದರು.

"ನಾವು ಮೂರು ಜನ ಅವರ ಪಕ್ಕದಲ್ಲೇ ಕೂತಿದ್ವಿ. ಇಪ್ಪತ್ತೆರಡು ವರ್ಷದಿಂದ ಕೂತಿದೀವಿ. ತಪ್ಪಿದಾಗ ಯಾರನ್ನ ತರೋದು ಅಂತ ಯೋಚನೆ ಮಾಡಿದ್ವಿ. ಸ್ವರ ಕೊಡಬಹುದು ಅಂತ ಹೊಳೀಲೇ ಇಲ್ಲ."

ನಾನು ಸುಮ್ಮನೆ ಕೂತಿದ್ದೆ. ನನ್ನ ಹೆಂಡತಿ ಬೆರಗಾಗಿ ನನ್ನನ್ನು ನೋಡಿದಳು. ಆಮೇಲೆ ಪಿಟೀಲಿನಾಕೆ ಬೆನ್ನು ನೆಟ್ಟಗೆ ಮಾಡಿಕೊಂಡು ಮೊದಲಿನ ದನಿಗೆ ಬಂದರು. ಡಾಕ್ಟರು ಕುರ್ಚಿ ಬಿಡುವ ಹಾಗಿಲ್ಲ. ಮ್ಯಾನೇಜರ ಹತ್ತಿರ ಮಾತಾಡಿದ್ದಾಗಿದೆ. ಮುಂದಿನ ತಿಂಗಳು ನೀವು ಬರಬೇಕು, ಪೆಟ್ಟಿಗೆ ತರಬೇಕು, ಡಾಕ್ಟರಿಗೆ ಕಾಣುವ ಜಾಗದಲ್ಲಿ ಕೂರಬೇಕು, ಮುಟ್ಟಬಾರದು. ತೀರಾ ಬೇಕಾದಾಗಲ್ಲದೆ ಮುಟ್ಟಬಾರದು. ಬೇಕೋ ಬೇಡವೋ ಅಂತ ಯಾರು ಹೇಳುವುದು ಅಂದೆ. ನೀವೇ, ಅಂದರು. ಪೇಟ ಹಾಕಿಕೊಳ್ಳುವುದಿಲ್ಲ ಅಂದೆ. ಅದಕ್ಕೂ ಒಪ್ಪಿದರು.

ಹೀಗೆ ಮೂರು ವರ್ಷ ನಡೆಯಿತು. ತಿಂಗಳಿಗೊಂದು ವೀಕೆಂಡು ಜುಬ್ಬ ಒಗೆಸಿ ಇಸ್ತ್ರಿ ಮಾಡಿಸಿ, ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಕಂಬದ ಪಕ್ಕ ಕೂತು, ಏನೂ ನುಡಿಸದೆ, ಚಪ್ಪಾಳೆ ಆದ ಮೇಲೆ ಪೆಟ್ಟಿಗೆ ಹೊತ್ತುಕೊಂಡು ವಾಪಸು ಬರುವುದು. ಹೆಂಡತಿ ಹೊರಡುವಾಗಲೆಲ್ಲ, ಚೆನ್ನಾಗಿ ಸುಮ್ಕಿದ್ದು ಬನ್ನಿ ಎನ್ನುತ್ತಿದ್ದಳು. ಬಂದವರು ಕೆಲವರು ನನ್ನನ್ನು ದೊಡ್ಡ ವಿದ್ವಾಂಸ ಎಂದು ತಿಳಿದು ಕಾಲಿಗೆ ಬಿದ್ದದ್ದೂ ಉಂಟು. ರಾಜಾಪಾರ್ಟು ಗೇಟಿನಲ್ಲಿ ಅವರಿಗೆಲ್ಲ, ನಮ್ಮ ಮೇಷ್ಟ್ರು ಬಾರಿಸೋದಿರಲಿ, ಸುಮ್ಕೆ ಕೂತ್ರೇ ಅಷ್ಟು ಐತೆ ಎಂದು ಹೇಳಿ ಕಳಿಸುತ್ತಿದ್ದ. ಕೊಡೆಗಳೆಲ್ಲ ನನಗೆ ಬಾಯಿಪಾಠವಾದವು. ಈಗ ಊರಿನ ನಾಟಕದಲ್ಲೂ ಒಂದೊಂದು ಕಡೆ ಹುಡುಗರಿಗೆ ಎರಡು ಉಸಿರು ಸುಮ್ಮನಿರಲು ಹೇಳಿಕೊಡುತ್ತೇನೆ. ಇನ್ನೂ ಕಲ್ಲು ಬಿದ್ದಿಲ್ಲ.

ಆ ಮೂರು ವರ್ಷದಲ್ಲಿ ನಾನು ಮುಚ್ಚಳ ತೆಗೆದದ್ದು ಎರಡೇ ಸಲ. ಒಂದು ಸಲ ಡಾಕ್ಟರಿಗೆ. ಅದನ್ನು ಬರೆಯಬಹುದು, ಯಾಕೆಂದರೆ ಕಛೇರಿ ಮುಗಿದ ಕೂಡಲೇ ಅವರೇ ಎದ್ದುನಿಂತು, ಕಮಾನಿನಿಂದ ನನ್ನ ಕಡೆ ತೋರಿಸಿ, ಸಭೆಗೆಲ್ಲ ನಗುನಗುತ್ತಾ ಹೇಳಿದರು. ಇನ್ನೊಂದು ಸಲ ಯಾರಿಗೆ ಎಂದು ಬರೆಯಲಾರೆ. ಆಕೆ ಇನ್ನೂ ಯಾರಿಗೂ ಹೇಳಿಲ್ಲ.